ಮೂರು ಕಪ್ಪು-ಬಿಳುಪು ಚಿತ್ರಗಳಿಂದ ಒಂದು ವರ್ಣಚಿತ್ರ

ಛಾಯಾಚಿತ್ರದ ಫಲಕಕ್ಕೆ ಲೇಪಿಸಿರುವ ಬೆಳ್ಳಿಯ ಲವಣವು ಬಣ್ಣವನ್ನರಿಯದು. ತನ್ನ ಮೇಲೆ ಎಷ್ಟು ಬೆಳಕು ಬಿದ್ದಿತೆಂಬುದನ್ನು ಮಾತ್ರ ಅದು ಕಪ್ಪು-ಬಿಳುಪಿನಲ್ಲಿ ದಾಖಲಿಸುತ್ತದೆ. ಹೀಗಿರುವಾಗ ಅದರಿಂದ ವರ್ಣಚಿತ್ರವನ್ನು ಪಡೆಯುವುದೆಂತು?

ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ನಮ್ಮ ಕಣ್ಣಿಗೆ ಬಹುಮಟ್ಟಿಗೆ ಎಲ್ಲ ಬಣ್ಣಗಳೂ ತೋರುತ್ತವೆ. ಆದುದರಿಂದ ಒಂದೇ ದೃಶ್ಯವನ್ನು ಈ ಮೂರು ಬಣ್ಣದ ಗಾಜುಗಳ ಮೂಲಕ ಮೂರು ಫಲಕಗಳ ಮೇಲೆ ಚಿತ್ರಿಸಬೇಕು. ಕೆಂಪು ಗಾಜು ಕೆಂಪು ಬೆಳಕನ್ನು ಮಾತ್ರ ಒಳಬಿಡುವುದರಿಂದ ಅದರ ಹಿಂದಿನ ಫಲಕದಲ್ಲಿ ಕೆಂಪು ದಾಸವಾಳದ ಹೂವು ಬಲವಾಗಿ ಮೂಡುತ್ತದೆ, ಹಸಿರೆಲೆ ಮೂಡದು. ಹಸಿರು ಗಾಜಿನ ಹಿಂದಿನ ಫಲಕದಲ್ಲಿ ಇದು ತಿರುಗುಮುರುಗು. ಈ ನೆಗೆಟಿವ್‌ಗಳಿಂದ ಪಾರದರ್ಶಕವಾದ ಪಾಸಿಟಿವ್‌ಗಳನ್ನು ಮಾಡಿ, ಒಂದೊಂದನ್ನೂ ಅದರದೇ ಬಣ್ಣದ ಬೆಳಕಿನಿಂದ ತೆರೆಯ ಮೇಲೆ ಒಂದರ ಮೇಲೊಂದು ಹೊಂದುವಂತೆ ಬೀಳಿಸಿದರೆ ಹೂವು ಕೆಂಪಾಗಿಯೂ ಎಲೆ ಹಸಿರಾಗಿಯೂ ಕಾಣುತ್ತವೆ.

1861ರಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಲಂಡನ್ನಿನಲ್ಲಿ ಈ ತತ್ತ್ವವನ್ನು ಪ್ರದರ್ಶಿಸಿದನು. ಆದರೆ ಅಂದಿನ ಫಲಕಗಳು ಕೆಂಪು ಬೆಳಕಿಗೆ ಸ್ಪಂದಿಸುತ್ತಿರಲಿಲ್ಲ. ಲೇಪಕ್ಕೆ ಕೆಲವು ವರ್ಣದ್ರವ್ಯಗಳನ್ನು ಸೇರಿಸಿದರೆ ಅದು ಬೇರೆ ಬಣ್ಣಗಳಿಗೂ ಸ್ಪಂದಿಸುವುದೆಂದು 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಕಂಡುಹಿಡಿದ ಮೇಲೆ ಈ ಕೊರತೆಯು ನೀಗತೊಡಗಿತು.

ರಷ್ಯದ ರಸಾಯನವಿಜ್ಞಾನಿ ಸೆರ್ಗೆಯ್ ಪ್ರೊಕುದಿನ್-ಗೋರ್ಸ್ಕಿ 1909ರಿಂದ 1915ರ ತನಕ ತನ್ನ ದೇಶದ ಊರುಗಳನ್ನೂ ಜನರನ್ನೂ ಈ ಕ್ರಮದಿಂದ ಚಿತ್ರಿಸಿದನು. ಉದ್ದನೆಯ ಒಂದು ಗಾಜಿನ ಫಲಕವನ್ನು ಸರಿಸುತ್ತ ಅವನು ಮೂರು ಚಿತ್ರಗಳನ್ನು ಒಂದಾದ ಮೇಲೊಂದರಂತೆ ತೆಗೆಯುತ್ತಿದ್ದನು. ಅಷ್ಟರಲ್ಲಿ ನೀರು ಹರಿದರೆ, ಇಲ್ಲವೆ ಮನುಷ್ಯನು ಕದಲಿದರೆ, ಮೂರು ಚಿತ್ರಗಳೂ ಒಂದಕ್ಕೊಂದು ಹೊಂದದೆ ಆ ವಸ್ತುವಿನ ಅಂಚಿನಲ್ಲಿ ಬಣ್ಣದ ಗೆರೆಗಳು ಕಾಣಿಸಿಕೊಳ್ಳುತ್ತಿದ್ದವು.

ಈ ದೋಷವನ್ನು ಹೋಗಲಾಡಿಸಿದುದು ಏಕಕಾಲಿಕ ವರ್ಣವಿಭಜನಾ ಕ್ಯಾಮೆರಾ. ಅದರ ಮಸೂರದ ಹಿಂದೆ ಎರಡು ಅರೆಪಾರದರ್ಶಕ ದರ್ಪಣಗಳು ಓರೆಯಾಗಿ ನಿಂತಿರುತ್ತವೆ. ಒಂದೊಂದು ದರ್ಪಣವೂ ಬೆಳಕಿನ ಒಂದು ಪಾಲನ್ನು ಪಕ್ಕಕ್ಕೆ ಪ್ರತಿಫಲಿಸಿ ಉಳಿದುದನ್ನು ಮುಂದಕ್ಕೆ ಬಿಡುತ್ತದೆ. ಹೀಗೆ ಮೂರು ಪಾಲಾದ ಬೆಳಕು ಮೂರು ಬಣ್ಣದ ಗಾಜುಗಳನ್ನು ಹಾದು ಒಂದೇ ಕ್ಷಣದಲ್ಲಿ ಮೂರು ಫಲಕಗಳನ್ನು ಸೇರುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಪ್ರತಿಯೊಂದು ಫಲಕಕ್ಕೂ ಬೆಳಕಿನ ಒಂದಂಶವಷ್ಟೇ ದೊರೆಯುವುದರಿಂದ ದೃಶ್ಯವನ್ನು ಪ್ರಖರವಾಗಿ ಬೆಳಗಿಸಬೇಕಾಗುತ್ತಿತ್ತು.

ಈ ಪದ್ಧತಿಯಿಂದ ಮತ್ತೊಂದು ಲಾಭವೂ ಒದಗಿತು. ವರ್ಣಫಿಲ್ಮಿನಲ್ಲಿರುವ ವರ್ಣದ್ರವ್ಯಗಳು ಕಾಲಕ್ರಮದಲ್ಲಿ ಮಾಸುತ್ತವೆ. ಚೆನ್ನಾಗಿ ಸಂಸ್ಕರಿಸಿದ ಬೆಳ್ಳಿಯ ನೆಗೆಟಿವ್ ಅಷ್ಟು ಬೇಗ ಮಾಸದು. ಪ್ರೊಕುದಿನ್-ಗೋರ್ಸ್ಕಿಯ ಸುಮಾರು 1,900 ನೆಗೆಟಿವ್‌ಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1948ರಲ್ಲಿ ಕೊಂಡುಕೊಂಡಿತು. ಗಣಕಯಂತ್ರದ ನೆರವಿನಿಂದ ಅವುಗಳ ಮೂರು ಚಿತ್ರಗಳನ್ನು ಹೊಂದಿಸಿದಾಗ, ಶತಮಾನದ ಹಿಂದಿನ ರಷ್ಯದ ಹೊಲಗಳನ್ನೂ ಉಡುಪುಗಳನ್ನೂ ಮುಖಗಳನ್ನೂ ನಾವು ಅವುಗಳ ಬಣ್ಣಗಳೊಡನೆ ಕಾಣಬಲ್ಲೆವು.