ಎರಡು ಜೊತೆ ಬಟ್ಟೆಯ ಹಕ್ಕು

ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯ ಹುಡುಗನೊಬ್ಬ ಎರಡನೇ ಜೊತೆ ಸಮವಸ್ತ್ರಕ್ಕಾಗಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಮಕ್ಕಳಿಗೆ ಎರಡು ಜೊತೆ ಸಮವಸ್ತ್ರ, ಶೂ, ಕಾಲುಚೀಲ ಕೊಡಿ ಎಂದು 2019ರಲ್ಲಿ ನ್ಯಾಯಾಲಯ ಆದೇಶಿಸಿತು. ಅದು ಸರಿಯಾಗಿ ಜಾರಿಯಾಗಲಿಲ್ಲ. ಪ್ರಕರಣ ನ್ಯಾಯಾಂಗ ನಿಂದನೆಯ ಅರ್ಜಿಯವರೆಗೆ ಹೋಯಿತು, 2023ರಲ್ಲಿಯೂ ಹೈಕೋರ್ಟ್ ಸರ್ಕಾರವನ್ನು ಕಟುವಾಗಿ ಪ್ರಶ್ನಿಸುತ್ತಿತ್ತು. ನಾಲ್ಕು ವರ್ಷದಲ್ಲಿ ಶಾಲೆಯ ಹುಡುಗ ಎಷ್ಟು ಉದ್ದ ಬೆಳೆಯುತ್ತಾನೆ ಎಂಬುದು ಎಲ್ಲ ತಂದೆತಾಯಿಗೂ ಗೊತ್ತು.

ಇದೇ ಅವಧಿಯಲ್ಲಿ ಕರ್ನಾಟಕ ಸಮವಸ್ತ್ರದ ಬಗ್ಗೆ ಹಿಂದೆಂದೂ ಆಡದಷ್ಟು ಮಾತಾಡಿತು. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದ, 2022ರ ಫೆಬ್ರುವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಮಕ್ಕಳು ಏನನ್ನು ತೊಡಬಾರದು ಎಂದು ತಿಂಗಳುಗಟ್ಟಲೆ ಚರ್ಚೆ ನಡೆಯಿತು. ತೊಡಲು ಅವರ ಕೈಗೆ ಏನು ಕೊಟ್ಟಿದ್ದೇವೆ ಎಂಬ ಪ್ರಶ್ನೆ ಮಾತ್ರ ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಸಮವಸ್ತ್ರ ಸಮಾನತೆಗಾಗಿ ಇದೆ ಎಂದು ಎದೆ ತಟ್ಟಿ ಹೇಳುವ ಸರ್ಕಾರ, ಆ ಸಮಾನತೆಯನ್ನು ಜೂನ್ ತಿಂಗಳಲ್ಲೇ ಮಗುವಿನ ಕೈಗೆ ಒಪ್ಪಿಸಬೇಕು.

ಕಾಗದದ ಮೇಲಿನ ಲೆಕ್ಕ

ಕಾಗದದ ಮೇಲೆ ಕೊರತೆಯೇನೂ ಇಲ್ಲ. ರಾಜ್ಯದ ವಿದ್ಯಾವಿಕಾಸ ಯೋಜನೆಯಡಿ ಸರ್ಕಾರಿ ಶಾಲೆಯ 1ರಿಂದ 10ನೇ ತರಗತಿ ಮಕ್ಕಳಿಗೆ ಉಚಿತ ಸಮವಸ್ತ್ರ ಸಲ್ಲಬೇಕು. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆ ಎಂಟನೇ ತರಗತಿವರೆಗಿನ ಎಲ್ಲ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದ ಹಾಗೂ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಗಂಡುಮಕ್ಕಳಿಗೆ ಎರಡು ಜೊತೆಗೆಂದು ಸರಾಸರಿ 600 ರೂಪಾಯಿ ನಿಗದಿ ಮಾಡಿದೆ. ಅಂದರೆ ಒಂದು ಜೊತೆಗೆ 300 ರೂಪಾಯಿ. ಶೂ ಮತ್ತು ಎರಡು ಜೊತೆ ಕಾಲುಚೀಲಕ್ಕೆ ರಾಜ್ಯ 2022ರಲ್ಲಿ ಗೊತ್ತುಮಾಡಿದ ದರ 1ರಿಂದ 5ನೇ ತರಗತಿಗೆ 265, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325 ರೂಪಾಯಿ. ಈ ಹಣದಲ್ಲಿ ಮಳೆಗಾಲ ದಾಟಿ ಬೇಸಿಗೆವರೆಗೆ ಬಾಳುವ ಶೂ ಎಲ್ಲಿ ಸಿಗುತ್ತದೆ ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರನ್ನೇ (ಎಸ್‌ಡಿಎಂಸಿ) ಕೇಳಬೇಕು. ಕೊಳ್ಳುವ ಹೊಣೆ ಅವರ ಹೆಗಲ ಮೇಲಿದೆ.

ಕೊರತೆ ಶುರುವಾಗುವುದು ಸಮಯದಲ್ಲಿ ಮತ್ತು ಹೊಲಿಗೆಯಲ್ಲಿ. ಬಟ್ಟೆ ಸಿಗುವುದು ಪೀಸ್ ರೂಪದಲ್ಲಿ, ಹೊಲಿಸಿಕೊಳ್ಳುವುದು ಪೋಷಕರ ಪಾಲಿಗೆ. ಶಾಲೆ ತೆರೆಯುವ ಹೊತ್ತು ರೈತನ ಮನೆಯಲ್ಲಿ ಬಿತ್ತನೆ ಬೀಜ, ಗೊಬ್ಬರಕ್ಕೆ ಕೈಗಡ ತರುವ ಹೊತ್ತು. ಇಬ್ಬರು ಮೂವರು ಮಕ್ಕಳಿದ್ದರೆ ಹೊಲಿಗೆ ಕೂಲಿಗೂ ಸಾಲವೇ. ಬೆಳೆಯೋ ಮಗು, ಒಳಗೆ ಮಡಿಕೆ ಬಿಟ್ಟು ಹೊಲೀರಿ ಎಂದು ತಾಯಿ ಟೈಲರ್‌ಗೆ ಹೇಳುತ್ತಾಳೆ. ಆ ಬಟ್ಟೆ ಇನ್ನೊಂದು ವರ್ಷ ಬರಲಿ ಎಂಬುದು ಅವಳ ಲೆಕ್ಕ. ಪೀಸ್ ಬರುವುದೇ ತಡವಾದರೆ ಮಗು ಕಳೆದ ವರ್ಷದ ಮೋಟು ಅಂಗಿಯಲ್ಲೇ ಪ್ರಾರ್ಥನೆಗೆ ನಿಲ್ಲುತ್ತದೆ.

ಎರಡನೇ ಜೊತೆ ಏಕೆ ಬೇಕೆಂದು ಮಲೆನಾಡು, ಕರಾವಳಿಯ ತಾಯಂದಿರು ಚೆನ್ನಾಗಿ ಬಲ್ಲರು. ಜುಲೈ ತಿಂಗಳ ಮಳೆಯಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಆರುವುದಿಲ್ಲ. ಬಚ್ಚಲೊಲೆಯ ಪಕ್ಕ ಹರವಿ, ಹೊಗೆಯ ವಾಸನೆಯೊಂದಿಗೆ, ಹಸಿಯಾಗಿಯೇ ತೊಟ್ಟು ಮಕ್ಕಳು ಹೊರಡುತ್ತಾರೆ. ದಿನವಿಡೀ ತೇವದಲ್ಲಿ ಕೂತ ಮಗುವಿಗೆ ಪಾಠ ತಲೆಗೆ ಹತ್ತುವುದಾದರೂ ಹೇಗೆ? ಶೂ ಬದಲು ಸ್ಥಳೀಯ ಹವಾಮಾನಕ್ಕೆ ತಕ್ಕಂತೆ ಸ್ಯಾಂಡಲ್ ಕೊಡಲು ಅವಕಾಶ ಮಾಡಿದ ಇಲಾಖೆಗೆ ಮಳೆ ಗೊತ್ತಿದೆ. ಅದೇ ತಿಳಿವಳಿಕೆ ಬಟ್ಟೆಗೂ ಬರಬೇಕು.

ನಿಯಮ ಯಾರಿಗೆ?

ನಿಯಮಗಳನ್ನು ಮಕ್ಕಳ ಕಡೆಗಷ್ಟೇ ತಿರುಗಿಸುವುದು ನಮ್ಮ ಅಭ್ಯಾಸ. ಶಾಲೆಗಳಿಗೂ ನಿಯಮವಿದೆ. ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಿದ್ದರೆ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು ಎಂದು ರಾಜ್ಯದ 1995ರ ನಿಯಮಾವಳಿ ಹೇಳುತ್ತದೆ. ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೊಡಬಾರದು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್. ಬಣ್ಣದ ಅಂಗಿ ತೊಟ್ಟು ಬಂದ ಮಗುವನ್ನು ಸಾಲಿನಿಂದ ಹೊರಗೆ ನಿಲ್ಲಿಸಿ ನೂರಾರು ಕಣ್ಣುಗಳ ಮುಂದೆ ಕಾರಣ ಕೇಳುವುದು ಹಿಂಸೆಯೇ. ಕಾರಣ ಆ ಮಗುವಿನ ಬಳಿ ಇರುವುದಿಲ್ಲ. ಅದು ಮನೆಯ ಕಷ್ಟದಲ್ಲೋ ಇಲಾಖೆಯ ಟೆಂಡರ್ ಕಡತದಲ್ಲೋ ಇರುತ್ತದೆ.

ಖಾಸಗಿ ಶಾಲೆಗಳನ್ನು ನೋಡಿ ಟೈ, ಬೆಲ್ಟ್, ಬ್ಯಾಡ್ಜ್ ತರಿಸುವ ಹುಮ್ಮಸ್ಸು ಈಗ ಸರ್ಕಾರಿ ಶಾಲೆಗಳಲ್ಲೂ ಕಾಣುತ್ತಿದೆ. ನಮ್ಮ ಮಕ್ಕಳೂ ಠೀವಿಯಿಂದ ಕಾಣಲಿ ಎಂಬ ಆಸೆ ದೊಡ್ಡದು, ಅದನ್ನು ಗೌರವಿಸುತ್ತೇನೆ. ದಾನಿಗಳಿಂದ, ಹಳೆಯ ವಿದ್ಯಾರ್ಥಿಗಳಿಂದ ಅದು ನಡೆದರೆ ಸಂತೋಷ. ಪೋಷಕರಿಂದ ಹಣ ಎತ್ತಿದರೆ ಮಾತ್ರ ಉಚಿತ ಶಿಕ್ಷಣಕ್ಕೆ ಹಿಂಬಾಗಿಲಿನಿಂದ ಶುಲ್ಕ ಬಂದಂತಾಯಿತು.

ಹೆಣ್ಣುಮಕ್ಕಳ ಉಡುಪಿನ ಬಗ್ಗೆಯೂ ಯೋಚಿಸಬೇಕಿದೆ. ಕೇರಳದ ಎರ್ನಾಕುಲಂ ಜಿಲ್ಲೆಯ ವಳಯನ್‌ಚಿರಂಗರ ಪ್ರಾಥಮಿಕ ಶಾಲೆ ಗಂಡು, ಹೆಣ್ಣು ಎಲ್ಲ ಮಕ್ಕಳಿಗೂ ಮೊಣಕಾಲು ದಾಟುವ ಚಡ್ಡಿ, ಅಂಗಿ ತಂದಿತು. ಆಡುವಾಗ ಲಂಗ ಹಿಡಿದುಕೊಳ್ಳುವ ಚಿಂತೆ ಹುಡುಗಿಯರಿಗೆ ತಪ್ಪಿತು. ನಾವು ಅದನ್ನೇ ಅನುಸರಿಸಬೇಕಿಲ್ಲ. ಕೊಕ್ಕೊ ಆಡುವ, ಸೈಕಲ್ ತುಳಿಯುವ, ಜೇಬಿನಲ್ಲಿ ಕರ್ಚೀಫ್ ಇಟ್ಟುಕೊಳ್ಳುವ ಹುಡುಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಳತೆ ಹಾಕಿದರೂ ಸಾಕು.

ನೆರೆಯವರ ದಾರಿ

ಇದೆಲ್ಲ ಆಗದ ಮಾತೇನಲ್ಲ. ತಮಿಳುನಾಡು ಬಿಸಿಯೂಟ ಯೋಜನೆಯ ಮಕ್ಕಳಿಗೆ ವರ್ಷಕ್ಕೆ ನಾಲ್ಕು ಜೊತೆ ಸಮವಸ್ತ್ರ ಕೊಡುತ್ತದೆ, ಅದೂ ಹೊಲಿದದ್ದು. ಹೊಲಿಯುವವರು ಮಹಿಳೆಯರ ಹೊಲಿಗೆ ಸಹಕಾರ ಸಂಘಗಳ ಸದಸ್ಯೆಯರು. ಕೇರಳ ಶಾಲಾಮಕ್ಕಳ ಸಮವಸ್ತ್ರದ ಬಟ್ಟೆಯನ್ನು ಕೈಮಗ್ಗದವರಿಂದ ನೇಯಿಸಿ, ಸೊರಗಿದ್ದ ಮಗ್ಗಗಳಿಗೆ ಕೆಲಸ ಕೊಟ್ಟಿದೆ. ನಮ್ಮಲ್ಲಿಯೂ 1975ರಲ್ಲಿ ಸ್ಥಾಪನೆಯಾದ ಕೈಮಗ್ಗ ಅಭಿವೃದ್ಧಿ ನಿಗಮವಿದೆ, ವಿದ್ಯಾವಿಕಾಸದ ಬಟ್ಟೆ ನೇಯ್ದ ಅನುಭವವೂ ಅದಕ್ಕಿದೆ. ಪ್ರತಿ ಊರಿನಲ್ಲೂ ಹೊಲಿಗೆ ಯಂತ್ರ ಕಲಿತ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳಿದ್ದಾರೆ.

ಬೇಕಾಗಿರುವುದು ವೇಳಾಪಟ್ಟಿ. ದಸರಾ ರಜೆಯೊಳಗೆ ಟೆಂಡರ್ ಮುಗಿಯಲಿ. ಜನವರಿಯಲ್ಲಿ ಮಕ್ಕಳ ಅಳತೆ ತೆಗೆಯಲಿ, ಬೆಳವಣಿಗೆಗೆಂದು ಎರಡು ಬೆರಳು ಹೆಚ್ಚೇ ಇರಲಿ. ಬೇಸಿಗೆ ರಜೆಯಲ್ಲಿ ಊರಿನ ಸಂಘಗಳು ಹೊಲಿಯಲಿ, ಕೂಲಿ ಸರ್ಕಾರವೇ ಕೊಡಲಿ. 300 ರೂಪಾಯಿಯ ದರವನ್ನು ಇಂದಿನ ಬಟ್ಟೆ, ದಾರ, ದುಡಿಮೆಯ ಬೆಲೆಗೆ ಹೊಂದಿಸಲಿ. ಪ್ರಾರಂಭೋತ್ಸವದ ದಿನ ಪಠ್ಯಪುಸ್ತಕದ ಜೊತೆಗೆ ಎರಡು ಜೊತೆ ಹೊಲಿದ ಬಟ್ಟೆಯೂ ಮಗುವಿಗೆ ಸಿಗಲಿ.

ಅಷ್ಟು ಮಾಡಿದ ಮೇಲೆ ಸಮವಸ್ತ್ರದ ಶಿಸ್ತಿನ ಬಗ್ಗೆ ಶಾಲೆಯೂ ಸರ್ಕಾರವೂ ಧಾರಾಳವಾಗಿ ಮಾತಾಡಲಿ. ಅಲ್ಲಿಯವರೆಗೆ ಉತ್ತರ ಕೊಡಬೇಕಾದವರು ಮಕ್ಕಳಲ್ಲ, ಅವರಿಗೆ ಬಟ್ಟೆಯ ಬಾಕಿ ಉಳಿಸಿಕೊಂಡಿರುವ ನಾವು.