ಹಳೆಯ ಕಾರು ಪೆಟ್ರೋಲು ಹೆಚ್ಚು ಕುಡಿಯುತ್ತಿದೆಯೇ?

ಕೊಯ್ಲು ಮುಗಿದು ಲೆಕ್ಕದ ಪುಸ್ತಕ ತೆರೆದು ಕುಳಿತಾಗ ಕೂಲಿ, ಗೊಬ್ಬರಗಳ ಜೊತೆಗೆ ಪೆಟ್ರೋಲಿನ ಖರ್ಚೂ ಕಣ್ಣಿಗೆ ಬೀಳುತ್ತದೆ. ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರ ಅಂಗಳದಲ್ಲಿ ಇಂದಿಗೂ ಮಾರುತಿ 800 ಅಥವಾ ಓಮ್ನಿ ನಿಂತಿರುತ್ತದೆ. ಮಾರುತಿ 800ರ ತಯಾರಿಕೆ ನಿಂತದ್ದು 2014ರಲ್ಲಿ. ಎಂದಮೇಲೆ ಮಾರುತಿ 800ಗಳಲ್ಲಿ ಕಿರಿಯದಕ್ಕೂ ಹತ್ತು ವರ್ಷ ದಾಟಿದೆ. ಹೊಸ ಗಾಡಿಗೆ ಹಣ ಹೊಂದಿಸುವುದು ಸಣ್ಣ ಹಿಡುವಳಿದಾರರಿಗೆ ಸುಲಭವಲ್ಲ. ಆದುದರಿಂದ ಇದ್ದ ಗಾಡಿ ಏಕೆ ಹೆಚ್ಚು ಪೆಟ್ರೋಲು ಕೇಳುತ್ತಿದೆ ಎಂದು ಕ್ರಮವಾಗಿ ಹುಡುಕುವ ಬಗೆಯನ್ನು ಇಲ್ಲಿ ವಿವರಿಸಿದ್ದೇವೆ.

ಮೊದಲು ನಮ್ಮದೇ ಅನುಭವ. ಒಂದು ಮಳೆಗಾಲ ಕಳೆದ ಮೇಲೆ, ಲೀಟರಿಗೆ 16 ಕಿ.ಮೀ. ಓಡುತ್ತಿದ್ದ ನಮ್ಮ ಕಾರು 11ಕ್ಕೆ ಇಳಿಯಿತು. ಕಾರ್ಬ್ಯುರೇಟರ್ ತೊಳೆಸಿದೆವು, ಪ್ಲಗ್ ಬದಲಿಸಿದೆವು. ಪ್ರಯೋಜನವಾಗಲಿಲ್ಲ. ರಿಂಗು ಸವೆದಿರಬೇಕು, ಎಂಜಿನ್ ಬಿಚ್ಚಬೇಕು ಎಂಬ ಸಲಹೆ ಬಂತು. ಅದಕ್ಕೆ ಹಣ ಹೊಂದಿಸುತ್ತಿದ್ದಾಗ ಒಂದು ದಿನ ಪೇಟೆಯಿಂದ ಬಂದು ಇಳಿದರೆ ಹಿಂದಿನ ಚಕ್ರದ ಬಳಿ ಸುಟ್ಟ ವಾಸನೆ. ಗಾಡಿ ತಣ್ಣಗಾದ ಮೇಲೆ ಜಾಕ್ ಕೊಟ್ಟು ಎತ್ತಿದೆವು. ಚಕ್ರ ಕೈಗೆ ತಿರುಗಲೊಲ್ಲದು! ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ್ದರಿಂದ ಕೇಬಲ್ ತುಕ್ಕು ಹಿಡಿದು ಬ್ರೇಕ್ ಪೂರ್ತಿ ಬಿಡುತ್ತಿರಲಿಲ್ಲ. ಕೇಬಲ್ ಬದಲಿಸಿದೆವು, ಗಾಡಿ ಮೊದಲಿನಂತಾಯಿತು. ಎಂಜಿನ್ನಿನಲ್ಲಿ ದೋಷವೇ ಇರಲಿಲ್ಲ.

ಅಳತೆಯಿಂದ ಆರಂಭಿಸಿ

ಪೆಟ್ರೋಲ್ ಮುಳ್ಳನ್ನು ನಂಬಿ ಮೈಲೇಜ್ ಲೆಕ್ಕ ಹಾಕುವುದು ಸರಿಯಲ್ಲ. ಬಂಕಿನಲ್ಲಿ ಪಂಪು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಮೀಟರಿನ ಅಂಕಿ ಬರೆದಿಡಿ. ಕನಿಷ್ಠ 200 ಕಿ.ಮೀ. ಓಡಿದ ಮೇಲೆ ಅದೇ ಬಂಕಿನಲ್ಲಿ ಹಾಗೆಯೇ ತುಂಬಿಸಿ, ಓಡಿದ ದೂರವನ್ನು ಎರಡನೇ ಸಲ ಹಿಡಿದ ಲೀಟರುಗಳಿಂದ ಭಾಗಿಸಿ. ಎರಡು ಸಲ ಹೀಗೆ ಮಾಡಿದರೆ ನಂಬಬಹುದಾದ ಉತ್ತರ ಸಿಗುತ್ತದೆ. ಟೈರಿನ ಅಳತೆ ಬದಲಿಸಿದ್ದರೆ ಮೀಟರೇ ತಪ್ಪು ಹೇಳೀತು. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ನಡುವೆ 10 ಕಿ.ಮೀ. ಓಡಿಸಿ ತಾಳೆ ನೋಡಿರಿ. ತೋಟದ ದಾರಿಯಲ್ಲಿ ಎರಡನೇ ಗೇರಿನ ಓಡಾಟವನ್ನು ಹೆದ್ದಾರಿಯ ಓಟಕ್ಕೆ ಹೋಲಿಸಬಾರದು.

ಇನ್ನು, ಪೆಟ್ರೋಲು ನಷ್ಟವಾಗುವುದು ಮೂರು ಬಗೆಯಲ್ಲಿ: ಸೋರಿ ಹೋಗುವುದು, ಚಕ್ರ ಉರುಳಲು ಹೆಚ್ಚು ಶಕ್ತಿ ಬೇಕಾಗುವುದು, ಎಂಜಿನ್ನಿನಲ್ಲಿ ಸರಿಯಾಗಿ ಉರಿಯದಿರುವುದು. ಖರ್ಚಿಲ್ಲದ ಪರೀಕ್ಷೆಗಳು ಮೊದಲೆರಡರಲ್ಲೇ ಹೆಚ್ಚು, ಅಲ್ಲಿಂದಲೇ ಹೊರಡೋಣ.

ಸೋರಿಕೆ: ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಕೆಳಗೆ ಬಗ್ಗಿ ನೋಡಿ, ವಾಸನೆ ಹಿಡಿಯಿರಿ. ಟಾರ್ಚ್ ಬೆಳಕಿನಲ್ಲಿ ಟ್ಯಾಂಕಿನಿಂದ ಎಂಜಿನ್ನಿನವರೆಗಿನ ಕೊಳವೆಗಳನ್ನು ಪರೀಕ್ಷಿಸಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಕೂಡದು. ಸೋರಿಕೆ ಕಂಡರೆ ದುರಸ್ತಿಯಾಗುವವರೆಗೆ ಗಾಡಿ ಚಾಲೂ ಮಾಡಬೇಡಿ.

ಚಕ್ರ: ಟೈರಿನ ಗಾಳಿಯನ್ನು ತಣ್ಣಗಿರುವಾಗ ಅಳೆದು, ಕಂಪನಿ ಹೇಳಿದಷ್ಟು ತುಂಬಿಸಿ. ಸಮತಟ್ಟು ರಸ್ತೆಯಲ್ಲಿ ಬ್ರೇಕನ್ನು ಆದಷ್ಟು ಬಳಸದೆ ನಾಲ್ಕೈದು ಕಿ.ಮೀ. ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟುವುದು ಬೇಡ. ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಕೆಟ್ಟಿದೆ. ಮಳೆಗಾಲದಲ್ಲಿ ಗಾಡಿ ಬಹಳ ದಿನ ನಿಲ್ಲುವುದಿದ್ದರೆ ಸಮತಟ್ಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿರುವುದು ಲೇಸು. ಏರು ಹತ್ತುವಾಗ ಎಂಜಿನ್ ಶಬ್ದ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆಯೆಂದು ತಿಳಿಯಿರಿ.

ಉರಿಯುವಿಕೆ: ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಣ್ಣುರಸ್ತೆಯ ಧೂಳು ಏರ್ ಫಿಲ್ಟರನ್ನು ಕಟ್ಟಿಹಾಕುತ್ತದೆ. ಕಾರ್ಬ್ಯುರೇಟರ್ ಗಾಡಿಯಲ್ಲಿ ಗಾಳಿ ಕಡಿಮೆಯಾದರೆ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ. ಚೋಕ್ ಪೂರ್ತಿ ಬಿಡದಿದ್ದರೂ ಹಾಗೆಯೇ. ಪ್ಲಗ್ ಬಿಚ್ಚಿ ಬಣ್ಣ ನೋಡಿ: ತಿಳಿ ಕಂದು ಇದ್ದರೆ ಕ್ಷೇಮ, ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲಿನ ಪಾಲು ಹೆಚ್ಚು, ಎಣ್ಣೆ ಜಿಡ್ಡಿದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಇನ್ನೊಂದು ಸಂಗತಿ ಥರ್ಮೋಸ್ಟಾಟ್. ಗಾಡಿ ಬಿಸಿಯೇರುತ್ತದೆಂದು ಅದನ್ನು ಕಿತ್ತು ಹಾಕುವ ರೂಢಿಯುಂಟು. ಆಗ ಎಂಜಿನ್ ಬೇಕಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿದು, ಚಳಿಗಾಲದ ಸಣ್ಣ ಓಡಾಟಗಳಲ್ಲಿ ಪೆಟ್ರೋಲು ಹೆಚ್ಚು ಹೋಗುತ್ತದೆ. ಇಂಜೆಕ್ಷನ್ ಗಾಡಿಗಳಲ್ಲಿ ಎಂಜಿನ್ ದೀಪ ಹೊತ್ತಿಯೇ ಇದ್ದರೆ ಸೆನ್ಸರುಗಳನ್ನು ಪರೀಕ್ಷಿಸಿಸಬೇಕು.

ರಿಂಗಿನ ಮಾತು ಬರಬೇಕಾದುದು ಇದೆಲ್ಲ ಮುಗಿದ ಮೇಲೆ. ಆಗಲೂ ಮೊದಲು ಕಂಪ್ರೆಷನ್ ಅಳೆಯಲು ಹೇಳಿ. ಒಂದು ಸಿಲಿಂಡರಿನಲ್ಲಿ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ರಿಂಗು ಅಥವಾ ಸಿಲಿಂಡರ್ ಸವೆದಿದೆ. ಏರದಿದ್ದರೆ ವಾಲ್ವಿನ ಕಡೆ ನೋಡಬೇಕು.

ಎಥನಾಲ್ ಎಷ್ಟು ಹೊಣೆ?

ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. 2025ರ ವೇಳೆಗೆ ಅದು ದೇಶದೆಲ್ಲೆಡೆ ಹರಡಿತು. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಆದುದರಿಂದ ಬೆರಕೆಯಿಲ್ಲದ ಪೆಟ್ರೋಲಿಗೆ ಹೋಲಿಸಿದರೆ ಹಳೆಯ ಗಾಡಿಯಲ್ಲಿ ಶೇ. 6-7ರಷ್ಟು ಇಳಿತ ನಿರೀಕ್ಷಿತವೇ. ಅಂದರೆ 16 ಇದ್ದುದು ಸುಮಾರು 15 ಆದೀತು, 11 ಆಗದು. ಹೆಚ್ಚಿನ ಇಳಿತಕ್ಕೆ ಬೇರೆ ಕಾರಣ ಹುಡುಕಲೇಬೇಕು. ಆದರೆ ಹಳೆಯ ರಬ್ಬರ್ ಕೊಳವೆಗಳಿಗೆ ಎಥನಾಲ್ ಒಗ್ಗುವುದಿಲ್ಲ. ಅವು ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಎಥನಾಲ್ ತಾಳುವ ಕೊಳವೆ ಹಾಕಿಸಿ.

ಕೊನೆಗೊಂದು ಎಚ್ಚರಿಕೆ. ಪೆಟ್ರೋಲು ಉಳಿಸಲೆಂದು ಘಾಟಿ ಇಳಿಯುವಾಗ ಎಂಜಿನ್ ನಿಲ್ಲಿಸುವುದಾಗಲಿ ನ್ಯೂಟ್ರಲ್ ಮಾಡುವುದಾಗಲಿ ಸರ್ವಥಾ ಕೂಡದು. ಎಂಜಿನ್ನಿನ ಹಿಡಿತ ತಪ್ಪಿದರೆ ಬ್ರೇಕ್ ಕಾದು ಹಿಡಿಯದಾಗಬಹುದು. ಇಂಜೆಕ್ಷನ್ ಗಾಡಿಯಲ್ಲಂತೂ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲು ತಾನಾಗಿಯೇ ನಿಲ್ಲುತ್ತದೆ.

ಅಡಿಕೆ ಮರದ ಸೋಗೆ ಹಳದಿಯಾದರೆ ನಾವು ಬುಡವನ್ನೂ ಬಸಿಗಾಲುವೆಯನ್ನೂ ನೋಡದೆ ಔಷಧಿಗೆ ಹಣ ಸುರಿಯುವುದಿಲ್ಲ. ಕಾರಿಗೂ ಅದೇ ನ್ಯಾಯ. ಗಾಡಿಯಲ್ಲೊಂದು ಸಣ್ಣ ಪುಸ್ತಕವಿಟ್ಟು ಪೆಟ್ರೋಲು ಹಾಕಿಸಿದಾಗಲೆಲ್ಲ ಲೀಟರು, ಕಿಲೋಮೀಟರು ಬರೆಯುತ್ತ ಬನ್ನಿ. ಇಳಿತ ಯಾವ ತಿಂಗಳಲ್ಲಿ ಶುರುವಾಯಿತೆಂದು ತಿಳಿದರೆ ಕಾರಣ ಹುಡುಕುವ ಕೆಲಸ ಅರ್ಧ ಮುಗಿದಂತೆ.