ಅಬರ್ಗವೆನ್ನಿ: ಸಂಧಿಯೂಟಕ್ಕೆ ಕರೆದು ಕೊಂದ ಕೋಟೆ

ವೇಲ್ಸ್‌ನ ಆಗ್ನೇಯ ಅಂಚಿನಲ್ಲಿ ಅಸ್ಕ್ ನದಿಯ ಪಕ್ಕ ಅಬರ್ಗವೆನ್ನಿ ಎಂಬ ಪೇಟೆಯಿದೆ. ಬ್ಲಾರೆಂಜ್, ಶುಗರ್ ಲೋಫ್, ಸ್ಕಿರಿಡ್ ಬೆಟ್ಟಗಳು ಸುತ್ತುವರಿದ ಊರು. ಅಲ್ಲಿನ ಹಾಳು ಕೋಟೆಯ ಗೋಡೆಗಳ ನಡುವೆ ನಿಂತರೆ ನೆನಪಾಗಬೇಕಾದವನು ಅದರ ಒಡೆಯನಾಗಿದ್ದ ಗಡಿ ಸರದಾರ ವಿಲಿಯಂ ಡ ಬ್ರಾಯೋಸ್.

ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದರೂ ವೇಲ್ಸ್ ಬಗ್ಗಲಿಲ್ಲ. ಇಂಗ್ಲೆಂಡ್-ವೇಲ್ಸ್ ಗಡಿ ಕಾಯುವ ಸರದಾರರಿಗೆ ಬೇರೆಯವರಿಗಿಲ್ಲದ ಸ್ವಾತಂತ್ರ್ಯವಿತ್ತು. ರಾಜನನ್ನು ಕೇಳದೆ ಕೋಟೆ ಕಟ್ಟಬಹುದಿತ್ತು, ಸ್ವಂತ ನ್ಯಾಯಾಲಯ ನಡೆಸಬಹುದಿತ್ತು, ನೆರೆಯವರ ಮೇಲೆ ದಂಡೆತ್ತಬಹುದಿತ್ತು. ಇಷ್ಟು ಅಧಿಕಾರ ಒಬ್ಬನ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಈ ಕೋಟೆ ಕಂಡಿದೆ.

ವಿಲಿಯಂನ ಸೋದರಮಾವ ಹೆನ್ರಿ ಕೊಲೆಯಾಗಿದ್ದ. ಅದರ ಹೊಣೆಯನ್ನು ವೆಲ್ಷ್ ನಾಯಕ ಸೈಸಿಲ್ ಅಪ್ ಡವ್ನ್‌ವಲ್ ಮೇಲೆ ಹೊರಿಸಲಾಗಿತ್ತು. 1175ರಲ್ಲಿ ರಾಜಿ ಮಾಡಿಕೊಳ್ಳೋಣವೆಂದು ವಿಲಿಯಂ, ಸೈಸಿಲ್‌ನನ್ನೂ ಅವನ ಮಗ ಜೆಫ್ರಿಯನ್ನೂ ಗ್ವೆಂಟ್ ಸೀಮೆಯ ಪ್ರಮುಖರನ್ನೂ ಕೋಟೆಗೆ ಕರೆಸಿದ. ನಂಬಿ ಬಂದವರನ್ನು ಅಲ್ಲಿಯೇ ಕೊಲ್ಲಿಸಿದ. ಅಷ್ಟಕ್ಕೇ ನಿಲ್ಲಲಿಲ್ಲ. ಅವನ ಸವಾರರು ಸೈಸಿಲ್‌ನ ಮನೆಗೆ ನುಗ್ಗಿ, ಹೆಂಡತಿಯನ್ನು ಸೆರೆಹಿಡಿದು, ಕಿರಿಯ ಮಗ ಕದ್ವಲದರ್‌ನನ್ನು ಕೊಂದರು. ಅವನಿನ್ನೂ ಬಾಲಕ. ಗಡಿಯ ಕಾಲಧರ್ಮ ಎಂದು ಇದನ್ನು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಅತಿಥಿಯ ಪ್ರಾಣ ಕಾಯುವುದು ಆ ಕಾಲದವರಿಗೂ ಧರ್ಮವೇ ಆಗಿತ್ತು.

1182ರಲ್ಲಿ ಸೈಸಿಲ್‌ನ ಬಂಧುಗಳು ಕೋಟೆಗೆ ಮುತ್ತಿಗೆ ಹಾಕಿ ವಶಪಡಿಸಿಕೊಂಡರು. ಅವರ ಬಾಣಗಳು ಅಂಗೈಯಷ್ಟು ದಪ್ಪದ ಓಕ್ ಬಾಗಿಲನ್ನು ತೂರಿದ್ದವೆಂದು 1188ರಲ್ಲಿ ವೇಲ್ಸ್ ಸುತ್ತಿದ ಪಾದ್ರಿ ಜೆರಾಲ್ಡ್ ಬರೆದಿದ್ದಾನೆ. ಪ್ರತಿ ಪತ್ರದಲ್ಲೂ ದೇವರ ಕೃಪೆಯನ್ನು ನೆನೆಯುವ ದೈವಭಕ್ತನೆಂದು ವಿಲಿಯಂನನ್ನು ಹೊಗಳಿದವನೂ ಇದೇ ಜೆರಾಲ್ಡ್.

ಮುಂದೆ ಇಂಗ್ಲೆಂಡಿನ ಜಾನ್ ರಾಜನ ಆಪ್ತನಾಗಿ ಮೇಲೇರಿದ ವಿಲಿಯಂ, 1208ರ ಹೊತ್ತಿಗೆ ಅವನ ಕೋಪಕ್ಕೆ ಗುರಿಯಾದ. ಒತ್ತೆಯಾಗಿ ಮಕ್ಕಳನ್ನು ಒಪ್ಪಿಸೆಂದರೆ ಹೆಂಡತಿ ಮಟಿಲ್ಡಾ ಒಪ್ಪಲಿಲ್ಲ. ರಾಜ ತನ್ನ ಅಣ್ಣನ ಮಗ ಆರ್ಥರ್‌ನನ್ನು ಕೊಂದನೆಂದು ಎತ್ತಿ ಆಡಿದಳಂತೆ. 1210ರಲ್ಲಿ ಅವಳನ್ನೂ ಹಿರಿಯ ಮಗನನ್ನೂ ರಾಜನ ಸೆರೆಮನೆಯಲ್ಲಿ ಉಪವಾಸ ಕೆಡವಿ ಸಾಯಿಸಲಾಯಿತು. ಫ್ರಾನ್ಸ್‌ಗೆ ಓಡಿಹೋದ ವಿಲಿಯಂ 1211ರಲ್ಲಿ ಅಲ್ಲಿಯೇ ತೀರಿಕೊಂಡ.

ಗಡಿ ಸರದಾರರ ಈ ವಿಶೇಷಾಧಿಕಾರಕ್ಕೆ ಎಂಟನೇ ಹೆನ್ರಿಯ ಕಾಲದ ಕಾನೂನುಗಳು ಕೊನೆ ಹಾಡಿದವು. ಕೋಟೆಯ ದಿಬ್ಬದ ಮೇಲೆ 19ನೇ ಶತಮಾನದಲ್ಲಿ ಕಟ್ಟಿದ ಮನೆ ಈಗ ಊರಿನ ವಸ್ತುಸಂಗ್ರಹಾಲಯ. ಕಾರ್ಡಿಫ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅತ್ತ ಹೋದವರು ನೋಡದೆ ಬರಬೇಡಿ.